ಡಿ.ಜೆ. ಸದ್ದಿಗೂ ಶಾಸ್ತ್ರವುಂಟೆ?

ರಾಯಚೂರು ಸೀಮೆಯ ಮೆರವಣಿಗೆಗಳಲ್ಲಿ ಡೊಳ್ಳು, ಹಲಗೆಗಳ ಜೊತೆಗೆ ಈಗ ಡಿ.ಜೆ. ಬಂಡಿಯೂ ಸೇರಿಕೊಂಡಿದೆ. ಹಿರಿಯರಿಗೆ ಅದು ಗದ್ದಲ, ಕುಣಿಯುವವರಿಗೆ ಹಬ್ಬ. ಈ ಸಂಗೀತವನ್ನು ಕುರಿತು ವಿದ್ವಾಂಸರು ಏನನ್ನಾದರೂ ಬರೆದಿರುವರೇ ಎಂದು ಗುರುಗುಂಟಾದ ವಿದ್ಯಾರ್ಥಿಯೊಬ್ಬನು ಕೇಳಿದರೆ ನಾವು ನಗಬೇಕಾದುದಿಲ್ಲ. ಬರೆದಿದ್ದಾರೆ, ಅದರಲ್ಲಿ ಎಷ್ಟನ್ನೋ ದೊಡ್ಡ ಗ್ರಂಥಾಲಯದ ಹಂಗಿಲ್ಲದೆ, ಕಾಸು ಕೊಡದೆ ಓದಬಹುದು.

ಮೊದಲ ತೊಡಕು ಹೆಸರಿನದು. ಅಂತರಜಾಲದಲ್ಲಿ 'ಡಿ.ಜೆ.' ಎಂದು ಹುಡುಕಿದರೆ ಹಾಡುಗಳೇ ಉಕ್ಕಿಬರುವುವು. ವಿದ್ವಾಂಸರು ಬಳಸುವ ಹೆಸರು 'ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್'. ಇದನ್ನು ಇಂಗ್ಲಿಷಿನಲ್ಲಿ ಬರೆದು ಗೂಗಲ್ ಸ್ಕಾಲರಿನಲ್ಲಿ ಹುಡುಕಬೇಕು. 2009ರಲ್ಲಿ ಆರಂಭವಾದ 'ಡ್ಯಾನ್ಸ್‌ಕಲ್ಟ್' ಎಂಬ ವಿದ್ವತ್ಪತ್ರಿಕೆ ಈ ಸಂಗೀತಕ್ಕೇ ಮೀಸಲಾದುದು. ನಮ್ಮ ವಿಶ್ವವಿದ್ಯಾನಿಲಯಗಳ ಪ್ರಬಂಧಗಳಿಗೆ 'ಶೋಧಗಂಗಾ' ಇದೆ. ಕಿವಿಗೆ ಆಗುವ ಹಾನಿಯನ್ನು ತಿಳಿಯಬೇಕಾದರೆ ಮಾತ್ರ ವೈದ್ಯಶಾಸ್ತ್ರದ ಕಡೆಗೆ ಹೋಗಬೇಕು. ಒಂದು ಒಳ್ಳೆಯ ಲೇಖನ ಕೈಗೆ ಸಿಕ್ಕಿತೆಂದರೆ ಅದರ ಕೊನೆಯ ಟಿಪ್ಪಣಿಗಳೇ ಮುಂದಿನ ದಾರಿಯನ್ನು ತೋರುತ್ತವೆ.

ಇಂಥ ಹುಡುಕಾಟವು ಚರಿತ್ರೆಯನ್ನೇ ತಿದ್ದಬಲ್ಲದು. 'ಆಸಿಡ್ ಹೌಸ್' ಎಂಬ ನರ್ತನಸಂಗೀತವು 1987ರ ಸುಮಾರಿಗೆ ಶಿಕಾಗೋ ನಗರದಲ್ಲಿ ಪ್ರಕಟವಾಯಿತೆಂಬುದು ಪ್ರಚಲಿತ ಕಥೆ. ಆದರೆ ಮುಂಬಯಿಯ ಚರಣ್‌ಜಿತ್ ಸಿಂಗರು 1982ರಲ್ಲಿಯೇ ಅದೇ ಬಗೆಯ ಯಂತ್ರಗಳಿಂದ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದ್ದರು. 2010ರಲ್ಲಿ ಆ ತಟ್ಟೆ ಮರುಮುದ್ರಣವಾದಾಗ ಜಗತ್ತು ಬೆರಗಾಯಿತು. ಶಿಕಾಗೋದವರು ಅದನ್ನು ಕೇಳಿ ಕಲಿತರೆಂದು ಹೇಳಲು ಆಧಾರವಿಲ್ಲ; ಆ ಮಾತನ್ನು ಹೇಳದಿರುವುದೂ ಸಂಶೋಧನೆಯ ಶಿಸ್ತೇ.

ಸಿಂಗರ ಯಂತ್ರಗಳಲ್ಲೊಂದು ರೋಲೆಂಡ್ ಟಿ.ಆರ್.-808. ಅದರ ಮದ್ದಳೆಗೆ ಚರ್ಮವಿಲ್ಲ. ವಿದ್ಯುತ್ತಿನ ಒಂದು ಮಿಡಿತವು ಮಂಡಲವೊಂದನ್ನು ತಟ್ಟುತ್ತದೆ. ಅಲ್ಲಿ ಹುಟ್ಟಿದ ಆಂದೋಲನ ಮೆಲ್ಲಮೆಲ್ಲನೆ ಕ್ಷೀಣಿಸುತ್ತದೆ. ಅದೇ ನಮಗೆ 'ಧಂ' ಎಂದು ಕೇಳಿಸುವುದು. ಹಾಗಾದರೆ ನಿಜವಾದ ಚರ್ಮ ಹೇಗೆ ನುಡಿಯುತ್ತದೆ? ಇದಕ್ಕೆ ಉತ್ತರ ಬೆಂಗಳೂರಿನಲ್ಲಿದೆ. ಸಾಮಾನ್ಯ ಚರ್ಮದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ನಡುವಿನ ಕಪ್ಪು ಕರಣೆಯ ಭಾರವು ಅವನ್ನು ಮೂಲಸ್ವರದ ಎರಡು, ಮೂರು, ನಾಲ್ಕು, ಐದು ಪಟ್ಟುಗಳಿಗೆ ಹೊಂದಿಸುತ್ತದೆ. ಸರ್ ಸಿ. ವಿ. ರಾಮನ್ನರು ಇದನ್ನು 1920ರಲ್ಲಿ ಸಂಕ್ಷೇಪವಾಗಿ, 1934ರಲ್ಲಿ ವಿಸ್ತಾರವಾಗಿ ವಿವರಿಸಿದರು. ಎರಡನೆಯ ಪ್ರಬಂಧವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಯಾರು ಬೇಕಾದರೂ ಓದುವಂತೆ ಅಂತರಜಾಲದಲ್ಲಿ ತೆರೆದಿಟ್ಟಿದೆ. ಅದರ ಗಣಿತ ಕಠಿಣವೆನಿಸಿದರೆ ವಾಚಕರು ಮೊದಲು ಚಿತ್ರಗಳನ್ನು ನೋಡಲಿ: ಚರ್ಮದ ಮೇಲೆ ಚೆಲ್ಲಿದ ಮರಳು, ಕಂಪನವಿಲ್ಲದ ರೇಖೆಗಳಲ್ಲಿ ಬಂದು ನಿಂತಿದೆ.