ಸೌದೆ ಎಲ್ಲಿಂದ ಬಂತು?

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಗೆ 1988ರಲ್ಲಿ ದೀಪ ಬಂದದ್ದು ಸೌದೆಯಿಂದ. ಮೂವತ್ತು ಚಿಲ್ಲರೆ ಮನೆಗಳ ಆ ಊರಿಗೆ ಆಗಿನ್ನೂ ಕರೆಂಟು ಕಂಬ ಬಂದಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು ಅಲ್ಲೊಂದು ಗ್ಯಾಸಿಫೈಯರ್ ಕೂರಿಸಿದರು. ಒಣ ಸೌದೆಯನ್ನು ಸಣ್ಣ ತುಂಡು ಮಾಡಿ ಮೇಲಿನಿಂದ ಸುರಿಯಬೇಕು. ಬೇಕಾದಷ್ಟು ಗಾಳಿ ಕೊಡದೆ ಅರೆಬರೆ ಉರಿಸಬೇಕು. ಹಾಗೆ ಉಸಿರುಗಟ್ಟಿದ ಬೆಂಕಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಬೆರೆತ ಅನಿಲವನ್ನು ಹೊರಬಿಡುತ್ತದೆ. ಅದನ್ನು ತಣಿಸಿ, ಬೂದಿ ಮತ್ತು ಟಾರು ತೆಗೆದು ಡೀಸೆಲ್ ಎಂಜಿನ್‌ಗೆ ಉಣಿಸಿದರೆ ಡೀಸೆಲ್ ಬಹುಪಾಲು ಉಳಿಯುತ್ತದೆ. ಯೂನಿಟ್ ವಿದ್ಯುತ್ತಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣ ಸೌದೆ. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಮುಂದೆ ನೀರಾವರಿ ಪಂಪು ಎಲ್ಲವೂ ಇದರಿಂದ ನಡೆದವು.

ಎಂಜಿನ್ನಿಗಿಂತ ಹೆಚ್ಚಿನ ಜಾಣತನ ಅದರ ಮೇವಿನಲ್ಲಿತ್ತು. ಊರಿನವರು ಕಾಡಿಗೆ ಕೊಡಲಿ ಹೊತ್ತು ಹೋಗಲಿಲ್ಲ. ಊರ ಜಮೀನಿನಲ್ಲೇ ಸೌದೆಗೆಂದು ತೋಪು ಬೆಳೆಸಿದರು. ಕಡಿದರೂ ಬುಡದಿಂದ ಚಿಗುರುವ ಮರಗಳನ್ನು ಸರದಿಯಂತೆ ಕತ್ತರಿಸಿದರು.

ಇದರಿಂದ ಕಾಡಿಗೇನು ಲಾಭ? ಕಾಡಿನಲ್ಲಿ ಒಣಗಿ ನಿಂತ ಮರ ನಮ್ಮ ಕಣ್ಣಿಗೆ ದಂಡದ ಸೌದೆ. ಮರಕುಟಿಗ ಅದರಲ್ಲೇ ಪೊಟರೆ ಕೊರೆಯುತ್ತದೆ. ಬಿಟ್ಟುಹೋದ ಪೊಟರೆಗೆ ಗಿಳಿಯೋ ಗೂಬೆಯೋ ಒಕ್ಕಲು ಬರುತ್ತದೆ. ಬಿದ್ದ ದಿಮ್ಮಿಯಲ್ಲಿ ಅಣಬೆ, ದುಂಬಿಯ ಮರಿಹುಳು, ಗೆದ್ದಲು ಸೇರಿ ಅದನ್ನು ಮತ್ತೆ ಮಣ್ಣಾಗಿಸುತ್ತವೆ. ದಿನಾ ಒಂದೊಂದು ಹೊರೆ ಹೊರಬಿದ್ದರೆ ಈ ಒಕ್ಕಲೆಲ್ಲ ಎದ್ದುಹೋಗುತ್ತದೆ, ಒಂದು ಹಸಿಮರ ಉರುಳದಿದ್ದರೂ. ಹೊಲದ ಬದುವಿನಲ್ಲಿ ಬೆಳೆದ ಸೌದೆ, ಅದೇ ಕೇಂದ್ರದವರು ರೂಪಿಸಿದ, ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆ, ಎರಡೂ ಆ ಹೊರೆಯನ್ನು ಇಳಿಸುತ್ತವೆ.

ಹಾಗೆಂದು ಮರದಿಂದ ಬಂದ ಶಕ್ತಿಯೆಲ್ಲ ಹಸಿರೆಂದು ನಂಬುವಂತಿಲ್ಲ. ಇಂಗ್ಲೆಂಡಿನ ಡ್ರ್ಯಾಕ್ಸ್ ವಿದ್ಯುತ್ ಸ್ಥಾವರ ಕಲ್ಲಿದ್ದಲು ಬಿಟ್ಟು ಮರದ ಉಂಡೆಗೆ ಬದಲಾಯಿತು. ಅದರ ಬಹುಭಾಗ ಅಟ್ಲಾಂಟಿಕ್ ದಾಟಿ ಅಮೆರಿಕ, ಕೆನಡಾಗಳಿಂದ ಬರುತ್ತದೆ. ಅಲ್ಲಿನ ಹಳೆಯ ಕಾಡಿನ ದಿಮ್ಮಿಯೂ ಅದರಲ್ಲಿ ಸೇರಿದೆಯೆಂಬ ತಕರಾರು ಇನ್ನೂ ತಣ್ಣಗಾಗಿಲ್ಲ. ನಮ್ಮಲ್ಲೂ ಮಲೆನಾಡಿನ ಅಕೇಶಿಯಾ ತೋಪುಗಳನ್ನು ನೋಡಬಹುದು. ಸೌದೆ ಧಾರಾಳ, ಜೀವಜಾಲ ಬಡಕಲು. ಇಂಥ ತೋಪನ್ನು ಪಾಳುಬಿದ್ದ ಹೊಲದಲ್ಲಿ ಹಾಕುವುದು ಒಂದು ಮಾತು, ಹುಲ್ಲುಗಾವಲನ್ನೋ ಸಹಜ ಕಾಡನ್ನೋ ತೆಗೆದು ಹಾಕುವುದು ಬೇರೆಯೇ ಮಾತು.

ಕಾಡಿನೊಳಗಿಂದಲೇ ತರಬಹುದಾದ ಸೌದೆಯೊಂದಿದೆ: ಲಂಟಾನ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದದ್ದು ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಹುಲ್ಲು ಮೇಲೇಳದಂತೆ ಹಬ್ಬಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ಅದನ್ನು ಒತ್ತಿ ಉರುವಲಿನ ಇಟ್ಟಿಗೆಯನ್ನೂ ಮಾಡಬಹುದು. ಮೇಲಷ್ಟೇ ಸವರಿದರೆ ಮಳೆ ಬಿದ್ದ ಕೂಡಲೇ ಚಿಗುರುತ್ತದೆ. ಬುಡಸಮೇತ ಕಿತ್ತು, ತೆರವಾದ ಜಾಗದಲ್ಲಿ ಊರ ಹುಲ್ಲಿನ ಬೀಜ ಚೆಲ್ಲಬೇಕು. ಲಂಟಾನ ನಂಬಿ ಕಾರ್ಖಾನೆ ಕಟ್ಟುವವರಿಗೆ ಅರಣ್ಯ ಇಲಾಖೆ ಒಂದು ಷರತ್ತು ಹಾಕುವುದು ಒಳ್ಳೆಯದು: ಲಂಟಾನ ಮುಗಿದ ದಿನ ಗುತ್ತಿಗೆಯೂ ಮುಗಿಯಬೇಕು.