ಖಳನ ಪಕ್ಷ ಹಿಡಿದವರು

ಮಲೆನಾಡಿನಲ್ಲಿ ಅಡಿಕೆ ಸುಲಿಯುವ ದಿನಗಳು ಬಂದುವೆಂದರೆ ಚಪ್ಪರದಡಿಯ ಮಾತಿಗೆ ಬರವೆಂಬುದಿಲ್ಲ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ಹೆಂಗಸರೂ ಗಂಡಸರೂ ಕೈಯನ್ನು ಕೆಲಸಕ್ಕೆ ಒಪ್ಪಿಸಿ, ನಾಲಗೆಗೆ ಮಾತ್ರ ಬಿಡುವು ಕೊಡದೆ, ನಡುರಾತ್ರಿಯ ತನಕ ಲೋಕದ ವ್ಯವಹಾರವನ್ನೆಲ್ಲ ಇತ್ಯರ್ಥಮಾಡುವುದುಂಟು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಅಂತಹ ಚಪ್ಪರಗಳೊಳಗೆ ನಾವು ಕೇಳಿದ ವಾದಗಳಲ್ಲಿ ಅರ್ಧಕ್ಕರ್ಧ ಯಕ್ಷಗಾನದ ಆಟವನ್ನು ಕುರಿತುವು. ಅದರಲ್ಲಿಯೂ ನಾಯಕನ ಮಾತು ಕಡಿಮೆ. ಖಳನ ಮಾತೇ ಹೆಚ್ಚು. ರಾಮನ ವೇಷ ಕಟ್ಟಿದವನು ಯಾರೆಂಬುದನ್ನು ಮರೆತವರೂ, ಮೂವತ್ತು ವರ್ಷಗಳ ಹಿಂದೆ ಯಾವ ಊರಿನ ಗದ್ದೆಯಲ್ಲಿ ಭಸ್ಮಾಸುರನು ಹೇಗೆ ಕುಣಿದನೆಂಬುದನ್ನು ನಿನ್ನೆ ಕಂಡವರಂತೆ ವರ್ಣಿಸುವರು.

ಇದು ನಮ್ಮ ಸೀಮೆಯ ದೋಷವೆಂದು ಬಹುಕಾಲ ನಾವು ತಿಳಿದಿದ್ದೆವು. ಆದರೆ ಕಳೆದ ಬೇಸಗೆಯ ರಜೆಯಲ್ಲಿ ಬೆಂಗಳೂರಿನಿಂದ ಬಂದ ಮೊಮ್ಮಕ್ಕಳಿಬ್ಬರು ನಮ್ಮ ಜಗಲಿಯ ಮೇಲೆ ಕುಳಿತು ಒಂದು ಸಂಜೆಯೆಲ್ಲ ಜಗಳವಾಡಿದರು. ವಿಷಯವೇನೆಂದರೆ, ಬ್ಯಾಟ್‌ಮನ್ ಎಂಬ ಬಾವಲಿವೇಷದ ವೀರನನ್ನು ಕುರಿತು ಕ್ರಿಸ್ಟೋಫರ್ ನೋಲನ್ ಎಂಬ ನಿರ್ದೇಶಕನು 2005, 2008 ಮತ್ತು 2012ರಲ್ಲಿ ಮಾಡಿದ ಮೂರು ಚಿತ್ರಗಳಲ್ಲಿ ಯಾವ ಖಳನು ಶ್ರೇಷ್ಠನು? ಹಿರಿಯವನಿಗೆ ಎರಡನೆಯ ಚಿತ್ರದ ಜೋಕರನೇ ಸರ್ವಸ್ವ. ಆ ಪಾತ್ರವನ್ನು ಮಾಡಿದ ಹೀತ್ ಲೆಡ್ಜರ್ ಎಂಬ ನಟನು ಚಿತ್ರವು ತೆರೆ ಕಾಣುವ ಮೊದಲೇ ತೀರಿಕೊಂಡನಂತೆ. ಮರುವರ್ಷ ಆತನಿಗೆ ಆಸ್ಕರ್ ಪ್ರಶಸ್ತಿಯು ಮರಣೋತ್ತರವಾಗಿ ಬಂದಿತು. ಕಿರಿಯವಳು ಮೂರನೆಯ ಚಿತ್ರದ ಮುಖವಾಡದ ಖಳನ ಪಕ್ಷ. "ನಾಯಕನ ಪಕ್ಷದವರು ಯಾರೂ ಇಲ್ಲವೇ?" ಎಂದು ನಾವು ಕೇಳಿದೆವು. "ಅವನು ಹೇಗೂ ಗೆಲ್ಲುತ್ತಾನಲ್ಲ, ಅಜ್ಜಯ್ಯ!" ಎಂದಳು ಆ ಹುಡುಗಿ. ಚಪ್ಪರದಡಿಯ ಮಾತನ್ನೇ ಬೇರೆ ಬಾಯಿಂದ ಕೇಳಿದಂತಾಯಿತು.

ನಮ್ಮ ಯೌವನದಲ್ಲಿ ಈ ವಾದವು ಎರಡು ಹೆಸರುಗಳ ಸುತ್ತ ತಿರುಗುತ್ತಿದ್ದಿತು. ಒಬ್ಬರು ಚಿಟ್ಟಾಣಿ ರಾಮಚಂದ್ರ ಹೆಗಡೆಯವರು. ಮತ್ತೊಬ್ಬರು ಕೆರೆಮನೆ ಶಂಭು ಹೆಗಡೆಯವರು. ಇಬ್ಬರೂ ಘಟ್ಟದ ಕೆಳಗಿನ ಹೊನ್ನಾವರ ಸೀಮೆಯವರೇ. ಆದರೆ ಇಬ್ಬರ ದಾರಿ ಬೇರೆ. ಶಂಭು ಹೆಗಡೆಯವರು ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಮುಂದುವರಿಸಿದವರು. ಪಾತ್ರದ ಔಚಿತ್ಯಕ್ಕೆ ಕುಣಿತವು ಅಧೀನವಾಗಿರಬೇಕೆಂಬ ಪಂಥದವರು. ಚಿಟ್ಟಾಣಿಯವರದಾದರೋ ಉಕ್ಕಿ ಹರಿಯುವ ಹೊಳೆ. ಕೀಚಕನಾಗಿ ರಂಗಸ್ಥಳಕ್ಕೆ ಬಂದರೆಂದರೆ ಕಣ್ಣು, ಕತ್ತು, ಹೆಗಲು ಒಂದೊಂದೂ ಬೇರೆ ಬೇರೆಯಾಗಿ ಸೈರಂಧ್ರಿಯನ್ನು ನೋಡುತ್ತಿದ್ದುವು. ಆ ನೋಟವನ್ನು ಕಂಡು ನಗುತ್ತಿದ್ದ ಸಭೆಯೇ ಮುಂದಿನ ಗಳಿಗೆಯಲ್ಲಿ ಅಸಹ್ಯದಿಂದ ಮೌನವಾಗುತ್ತಿದ್ದುದನ್ನು ನಾವು ಸ್ವತಃ ಕಂಡಿದ್ದೇವೆ. ದುಷ್ಟಬುದ್ಧಿಯೂ ಭಸ್ಮಾಸುರನೂ ಅವರಿಂದಲೇ ಮನೆಮಾತಾದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ, ಎಂಬತ್ತರ ಹೊಸ್ತಿಲಲ್ಲಿದ್ದರೂ ಅವರು ಗೆಜ್ಜೆಯನ್ನು ಬಿಚ್ಚಿರಲಿಲ್ಲ. ಶಂಭು ಹೆಗಡೆಯವರು 2009ರಲ್ಲಿಯೂ ಚಿಟ್ಟಾಣಿಯವರು 2017ರಲ್ಲಿಯೂ ದಿವಂಗತರಾದರು. ವಾದವು ಮಾತ್ರ ಇನ್ನೂ ಬದುಕಿದೆ.

ಸಂಸ್ಕೃತದ ಅಭ್ಯಾಸದ ಬಲದಿಂದ ನಾವು ಆಗ ಕೆರೆಮನೆಯ ಪಕ್ಷ ಹಿಡಿದಿದ್ದೆವು. ಧನಂಜಯನ ದಶರೂಪಕದಲ್ಲಿ ಪ್ರತಿನಾಯಕನೆಂದರೆ ಲೋಭಿ, ಉದ್ಧತ, ಹಟಮಾರಿ, ಪಾಪಿ, ವ್ಯಸನಿ, ಅಲ್ಲಿಗೆ ಮುಗಿಯಿತು. ಇಂತಹವನ ಮೇಲೆ ಮೋಹವೇಕೆ? ಚಪ್ಪರದಲ್ಲಿ ನಾವು ಈ ಲಕ್ಷಣವನ್ನು ಹೇಳಿದಾಗ, ಓದುಬರಹ ಬಾರದ ಮುದುಕಿಯೊಬ್ಬಳು ಅಡಿಕೆಯನ್ನು ಬುಟ್ಟಿಗೆ ಎಸೆಯುತ್ತ, "ಹಾಗಾದರೆ ಭೀಮ ಕೊಂದದ್ದು ಒಂದು ನಾಯಿಯನ್ನೋ, ಮಾಸ್ತರೇ?" ಎಂದಳು. ಉತ್ತರವು ನಮಗೆ ಕೂಡಲೆ ಹೊಳೆಯಲಿಲ್ಲ. ಮನೆಗೆ ಬಂದು ದಂಡಿಯ ಕಾವ್ಯಾದರ್ಶವನ್ನು ತೆರೆದು ನೋಡಿದೆವು. ಶತ್ರುವಿನ ಕುಲ, ಪರಾಕ್ರಮ, ವಿದ್ಯೆಗಳನ್ನು ಮೊದಲು ವರ್ಣಿಸಿ, ಅಂತಹವನನ್ನು ಗೆದ್ದುದರಿಂದ ನಾಯಕನ ಉತ್ಕರ್ಷವನ್ನು ಹೇಳುವ ಮಾರ್ಗವೂ ತನಗೆ ಪ್ರಿಯವೆಂದು ಆ ಮಹಾನುಭಾವನು ಹೇಳಿಯೇ ಇದ್ದಾನೆ. ಮುದುಕಿಯು ದಂಡಿಯ ಪಕ್ಷದಲ್ಲಿದ್ದಳು. ಓದಿದ ನಾವು ಅದನ್ನು ಮರೆತಿದ್ದೆವು.

ಕನ್ನಡದ ಕವಿಗಳು ಇದಕ್ಕಿಂತಲೂ ಮುಂದೆ ಹೋದವರು. ರನ್ನನ ಗದಾಯುದ್ಧದಲ್ಲಿ ನಾಯಕನು ಭೀಮನೇ ಆದರೂ ಓದಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನನು. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಆ ಕಾವ್ಯವನ್ನು ದುರಂತ ನಾಟಕವನ್ನಾಗಿ ಹೊಂದಿಸಿದುದು ಇದೇ ಕಾರಣಕ್ಕೆ. ಸಂಸ್ಕೃತದಲ್ಲಿ ಭಾಸನದೆಂದು ಪ್ರಸಿದ್ಧವಾದ ಊರುಭಂಗದಲ್ಲಿಯೂ ತೊಡೆ ಮುರಿದ ಕೌರವನು ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಾರದೆ ಸಂಕಟಪಡುವುದನ್ನು ಓದಿ ಕಣ್ಣೀರಿಡದವನು ಕಲ್ಲು.

ಇನ್ನು ರಾವಣನ ಮಾತು. ಹೊಸನಗರ ತಾಲೂಕಿನ ಹುಂಚವು ಪುರಾತನ ಜೈನಕ್ಷೇತ್ರವಷ್ಟೆ. ಜೈನ ರಾಮಾಯಣದಲ್ಲಿ ರಾವಣನು ರಾಕ್ಷಸನೇ ಅಲ್ಲ, ವಿದ್ಯಾಧರ. ಅವನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ನಾಗಚಂದ್ರನ ರಾವಣನಂತೂ ಒಲ್ಲದ ಹೆಣ್ಣನ್ನು ಮುಟ್ಟೆನೆಂದು ವ್ರತ ತೊಟ್ಟವನು; ಸೀತೆಯ ದೃಢತೆಯನ್ನು ಕಂಡು ಮನ ಕರಗಿ, ರಾಮನನ್ನು ಯುದ್ಧದಲ್ಲಿ ಗೆದ್ದ ಮೇಲೆ ಆಕೆಯನ್ನು ಒಪ್ಪಿಸುವೆನೆಂದು ನಿಶ್ಚಯಿಸಿದವನು. ಮರುಗಿಯೂ ಮಾನವನ್ನು ಬಿಡಲಾರದವನು! ಅಲ್ಲಿಂದ ಬಹಳ ದೂರವಲ್ಲದ ತೀರ್ಥಹಳ್ಳಿಯ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು 1949ರಲ್ಲಿ ಹೊರತಂದ ಶ್ರೀರಾಮಾಯಣದರ್ಶನದಲ್ಲಿ ರಾವಣನು ಸೀತೆಯನ್ನು ತಾಯಿಯಾಗಿ ಕಾಣುವವರೆಗೆ ಏರುತ್ತಾನೆ. ಇಷ್ಟೆಲ್ಲ ಇದ್ದೂ, ನಮ್ಮ ಹಳ್ಳಿಯ ಹುಡುಗರು ಖಳನನ್ನು ಮೆಚ್ಚಿದರೆ ಕೆಟ್ಟುಹೋದರೆಂದು ಹೆದರುವ ತಂದೆತಾಯಿಗಳು ಅನೇಕರು. ನಾವೂ ಒಮ್ಮೆ ಹಾಗೆಯೇ ಹೆದರಿದ್ದೆವು. ಅದನ್ನು ಇಲ್ಲಿ ಹೇಳಲೇಬೇಕು.

ಇದು ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಸಂಗತಿ. ಆಗ ನಾವು ಹೊಸನಗರ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆವು. ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಕೃಷ್ಣಸಂಧಾನದ ತಾಳಮದ್ದಲೆಯನ್ನು ಮಾಡಿಸಬೇಕೆಂದು ಹೊರಟಾಗ ಹುಡುಗರೆಲ್ಲರಿಗೂ ಕೌರವನೇ ಬೇಕು. ಧರ್ಮರಾಯನಾಗಲು ಒಬ್ಬನೂ ಇಲ್ಲ. ಏಳನೆಯ ತರಗತಿಯ ಒಬ್ಬ ಹುಡುಗನಿದ್ದನು. ಮಾತು ಕಡಿಮೆ, ನಡತೆ ಒಳ್ಳೆಯದು. ಅವನೂ ಕೌರವನನ್ನೇ ಕೇಳಿದನು. "ನಿನ್ನಂತಹ ಒಳ್ಳೆಯ ಹುಡುಗನಿಗೆ ಆ ದುಷ್ಟನ ಮಾತು ಏಕೆ?" ಎಂದು ಹೇಳಿ ವಿದುರನ ಅರ್ಥವನ್ನು ಬರೆದುಕೊಟ್ಟೆವು. ಅವನು ಕಾಗದವನ್ನು ತೆಗೆದುಕೊಂಡು ಹೋದನು.

ಒಂದು ಮಧ್ಯಾಹ್ನ ಶಾಲೆಯ ಹಿಂದುಗಡೆ ಅವನ ಸ್ವರ ಕೇಳಿಸಿತು. ಗೆಳೆಯರಿಬ್ಬರ ಮುಂದೆ ಕೌರವನ ಅರ್ಥ ಹೇಳುತ್ತಿದ್ದನು. ಐದು ಊರುಗಳನ್ನಾದರೂ ಕೊಡೆಂದ ಕೃಷ್ಣನಿಗೆ ಅವನು ಕೊಟ್ಟ ಉತ್ತರವು ಯಾವ ಪ್ರಸಂಗದ ಪುಸ್ತಕದಲ್ಲಿಯೂ ಇಲ್ಲ. "ಬಿಟ್ಟು ಹೋಗೆಂದು ಹೇಳುವವನಿಗೆ ಅದು ಐದು ಊರು, ಬಿಡುವವನಿಗೆ ಅಜ್ಜನು ನೆಟ್ಟ ಮರ, ಅಜ್ಜಿಯನ್ನು ಸುಟ್ಟ ಜಾಗ" ಎಂದನು. ಆ ಹುಡುಗನ ಮನೆತನವು ಶರಾವತಿಯ ಮುಳುಗಡೆಯದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಸಾಗರ, ಹೊಸನಗರಗಳ ಸಾವಿರಾರು ಸಂಸಾರಗಳು ಗದ್ದೆ ತೋಟಗಳನ್ನು ಬಿಟ್ಟು ಎದ್ದು ಬಂದುವು. ಅವುಗಳಲ್ಲಿ ಅವನ ಅಜ್ಜನದೂ ಒಂದು. ಮನೆಯಲ್ಲಿ ದಿನವೂ ಕೇಳಿದ ಮಾತು ಕೌರವನ ಬಾಯಲ್ಲಿ ಬಂದಿತ್ತು. ನ್ಯಾಯವಾಗಿ ನೋಡಿದರೆ ಕೌರವನಿಗೆ ಆ ಮಾತು ಸಲ್ಲದು. ಅವನು ಬಿಡಬೇಕಾಗಿದ್ದುದು ಜೂಜಿನಲ್ಲಿ ಕಿತ್ತುಕೊಂಡ ಭೂಮಿ. ಆ ಮಾತು ಸಲ್ಲುವುದು ಪಾಂಡವರಿಗೆ. ಇಷ್ಟನ್ನು ಹುಡುಗನಿಗೆ ತಿಳಿಯುವಂತೆ ಹೇಳಿ, ಆ ವೇಷವನ್ನೇ ಅವನಿಗೆ ಕೊಟ್ಟಿದ್ದರೆ ಆಗುತ್ತಿದ್ದಿತು. ನಾವು ಹಾಗೆ ಮಾಡಲಿಲ್ಲ. ಎಲ್ಲರ ಮುಂದೆ ಗದರಿಸಿದೆವು. ಉತ್ಸವದ ದಿನ ವಿದುರನು ನಾಲ್ಕು ವಾಕ್ಯಗಳನ್ನು ತಲೆ ತಗ್ಗಿಸಿ ಒಪ್ಪಿಸಿ ಸುಮ್ಮನಾದನು. ಆ ವರ್ಷದ ಉಳಿದ ದಿನಗಳಲ್ಲಿ ತರಗತಿಯಲ್ಲಿ ಅವನು ತಾನಾಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ತಾಳಮದ್ದಲೆಯ ಖಳರಿಗೆ ವೇಷವಿಲ್ಲ, ಕುಣಿತವಿಲ್ಲ, ಮಾತೊಂದೇ ಆಧಾರ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೂ ರಾವಣನನ್ನೂ, ದೇರಾಜೆ ಸೀತಾರಾಮಯ್ಯನವರ ಕೌರವನನ್ನೂ ಕೇಳಿದವರು ಇಂದಿಗೂ ಅದರ ಗುಂಗಿನಲ್ಲಿದ್ದಾರೆ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ನಮ್ಮ ಕಡೆ ಮನೆಮನೆಗಳಲ್ಲಿ ಇಂತಹ ಕೂಟಗಳು ನಡೆಯುವುದು ವಾಡಿಕೆ. ಎರಡು ಶ್ರಾವಣಗಳ ಹಿಂದೆ ರಿಪ್ಪನ್‌ಪೇಟೆಯ ಸಮೀಪದ ಒಂದು ಮನೆಯಲ್ಲಿ ಕೃಷ್ಣಸಂಧಾನವೆಂದು ಕರೆ ಬಂದಿತು. ನಮ್ಮ ಪಾಲಿಗೆ ವಿದುರನು. ಕೌರವನ ಅರ್ಥಕ್ಕೆ ಕುಳಿತವನನ್ನು ಕಂಡು ನಮಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಅವನೇ ಎದ್ದು ಬಂದು ಕಾಲಿಗೆ ನಮಸ್ಕರಿಸಿ, "ಮಾಸ್ತರೇ, ತಾವೇ ವಿದುರನೆಂದು ತಿಳಿದಿರಲಿಲ್ಲ" ಎಂದನು.

ಆ ರಾತ್ರಿ ಅವನು ಅಜ್ಜನ ಮರವನ್ನೂ ಅಜ್ಜಿಯ ಜಾಗವನ್ನೂ ಮತ್ತೆ ಹೇಳಿದನು, ಆದರೆ ಈ ಸಲ ಅದನ್ನು ಕೃಷ್ಣನ ಪ್ರಶ್ನೆಯಾಗಿ ತಾನೇ ಎತ್ತಿಕೊಂಡು, "ಪಾಂಡವರಿಗೂ ಅದು ಹಾಗೆಯೇ ಎಂದು ನನಗೆ ಗೊತ್ತು, ಗೊತ್ತಿದ್ದೂ ಕೊಡೆನು" ಎಂದನು. ಸಭೆಯು ನಿಶ್ಶಬ್ದವಾಯಿತು. ನಾವು ಬಿಲ್ಲು ಮುರಿಯಬೇಕಾದ ಸಂದರ್ಭ ಬಂದಾಗ ಸಿದ್ಧಪಡಿಸಿಕೊಂಡಿದ್ದ ಮಾತುಗಳಲ್ಲಿ ಅರ್ಧ ಮರೆತುಹೋದುವು. ಭಾಗವತರು ಪದವನ್ನು ಎತ್ತಿ ನಮ್ಮ ಮಾನವನ್ನು ಉಳಿಸಿದರು.

ಬೆಳಗಿನ ಕಾಫಿಯ ಹೊತ್ತಿಗೆ ಜಗಲಿಯಲ್ಲಿ ಜಗಳ ಆರಂಭವಾಗಿಯೇ ಇದ್ದಿತು. ಅಷ್ಟು ಅರಿತವನಾದ ಮೇಲೆ ಅವನು ಕೌರವನೇ ಅಲ್ಲವೆಂದು ಒಬ್ಬರು. ಅರಿತೂ ಕೊಡದವನೇ ನಿಜವಾದ ಕೌರವನೆಂದು ಇನ್ನೊಬ್ಬರು. "ಮಾಸ್ತರು ಏನೆನ್ನುತ್ತೀರಿ?" ಎಂದು ಕೇಳಿದಾಗ ನಾವು ಲೋಟವನ್ನು ಕೆಳಗಿಟ್ಟು ಎರಡನೆಯವರ ಪಕ್ಕಕ್ಕೆ ಸರಿದು ಕುಳಿತೆವು.