ಒಂದು ಗೇಣು ಆಳದ ಚಿನ್ನ

ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವ ಹೊತ್ತಿಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ನಮ್ಮ ಮನೆಯ ಚಿನ್ನ ಹೂತುಹೋಗಿದ್ದು ಸಿಡ್ನಿಯ ಬ್ರೈಟನ್-ಲೆ-ಸ್ಯಾಂಡ್ಸ್ ತೀರದಲ್ಲಿ, ಬರೀ ಒಂದು ಗೇಣು ಕೆಳಗೆ. ಅದನ್ನು ತೆಗೆಯಲು ಎರಡು ದಿನ ಬೇಕಾಯಿತು!

ಕಳೆದ ಬೇಸಿಗೆಯ ಶನಿವಾರ ಸಂಜೆ ಮಕ್ಕಳ ಜೊತೆ ಆಡುವಾಗ ನನ್ನವಳ ಬೆರಳಿನಿಂದ ಉಂಗುರ ಜಾರಿತು. ನಮ್ಮ ಮದುವೆಯ ದಿನ ಅವಳಮ್ಮ ತಮ್ಮ ಕೈಯಿಂದ ತೆಗೆದು ತೊಡಿಸಿದ್ದು. ಅತ್ತೆ ಈಗಿಲ್ಲ. "ಹೋಗಲಿ ಬಿಡಿ" ಅಂದಳು. ಆದರೆ ಮನೆಗೆ ಬರುವವರೆಗೆ ಮಾತಿಲ್ಲ.

ಹಿಂದೊಮ್ಮೆ ಬ್ಯಾಲರಾಟ್ ನೋಡಿ ಬಂದ ಹುಮ್ಮಸ್ಸಿನಲ್ಲಿ ಕೊಂಡಿದ್ದ ಮೆಟಲ್ ಡಿಟೆಕ್ಟರ್ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಹಿಡಿದು ರಾತ್ರಿಯೇ ಓಡಿದೆ. ಸೆನ್ಸಿಟಿವಿಟಿಯನ್ನು ಪೂರ್ತಿ ಏರಿಸಿದೆ. ಒದ್ದೆ ಮರಳಿನ ಮೇಲೆ ಅದು ಒಂದೇ ಸಮ ಕಿರುಚಿತು. ಎರಡು ಗಂಟೆ ಅಗೆದರೂ ಸಿಕ್ಕಿದ್ದು ಬಾಟಲಿ ಮುಚ್ಚಳಗಳು.

ಮೆಲ್ಬರ್ನಿನ ಗೆಳೆಯನಿಗೆ ಫೋನ್ ಮಾಡಿದೆ. ವಾರಾಂತ್ಯವಾದರೆ ಬೆಂಡಿಗೊ ಕಡೆ ಚಿನ್ನ ಹುಡುಕುವ ಆಸಾಮಿ ಆತ. "ಅಲ್ಲ ಮಾರಾಯ, ಮೊದಲು ಅದರ ಬಾಯಿ ಮುಚ್ಚಿಸು, ಆಮೇಲೆ ಆಳ ಕೇಳು" ಅಂದ.

ಅವನು ಹೇಳಿಕೊಟ್ಟಿದ್ದು ಇಷ್ಟು. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುವುದರಿಂದ ಯಂತ್ರ ಅದನ್ನೇ ಲೋಹವೆಂದು ತಿಳಿಯುತ್ತದೆ. ವಿಕ್ಟೋರಿಯಾದ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶವೂ ಹೀಗೇ ಕಾಡುತ್ತದೆ. ಆದ್ದರಿಂದ ಆ ನೆಲದ ಮೇಲೇ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಸದ್ದು ಅಡಗುವ ತನಕ ಸೆನ್ಸಿಟಿವಿಟಿ ಇಳಿಸಬೇಕು. ಕಾಯಿಲನ್ನು ನೆಲಕ್ಕೆ ತಾಗುವಷ್ಟು ಹತ್ತಿರ, ಸಮವಾಗಿ ಆಡಿಸಬೇಕು. ಸಣ್ಣ ವಸ್ತುವಿನ ದೂರ ಎರಡರಷ್ಟಾದರೆ ಮರಳಿ ಬರುವ ಸಂಕೇತ ಹೆಚ್ಚೂಕಡಿಮೆ 64 ಪಟ್ಟು ಕುಗ್ಗುತ್ತದೆ! ಗಾಳಿಯಲ್ಲಿ ಎತ್ತಿ ಬೀಸಿದರೆ ಆಳವೆಲ್ಲ ಗಾಳಿಪಾಲು. ಪ್ರತಿ ಬೀಸೂ ಹಿಂದಿನದರ ಅರ್ಧದಷ್ಟು ಮೇಲೆ ಬರಬೇಕು. ಕಸ ಬೇಡವೆಂದು ಡಿಸ್ಕ್ರಿಮಿನೇಷನ್ ಹೆಚ್ಚಿಸಬಾರದು. ಡಬ್ಬಿಯ ಕೊಂಡಿ, ಚಿನ್ನದ ಉಂಗುರ ಎರಡರ ಸದ್ದೂ ಬಹುತೇಕ ಒಂದೇ. ಹೆಡ್‌ಫೋನ್ ಕಡ್ಡಾಯ.

"ದೊಡ್ಡ ಕಾಯಿಲ್ ಕೊಳ್ಳಲೇ?" ಅಂದೆ. "ಅದು ದೊಡ್ಡ ಗಟ್ಟಿಯನ್ನು ಆಳದಲ್ಲಿ ಹಿಡಿಯುತ್ತೆ. ಉಂಗುರಕ್ಕೆ ನಿನ್ನ ಕಾಯಿಲೇ ಸಾಕು" ಅಂದ. 1980ರಲ್ಲಿ ವಿಕ್ಟೋರಿಯಾದ ಕಿಂಗೋವರ್ ಬಳಿ ಡಿಟೆಕ್ಟರಿಗೆ ಸಿಕ್ಕ 'ಹ್ಯಾಂಡ್ ಆಫ್ ಫೇತ್' ಗಟ್ಟಿ ಸುಮಾರು 27 ಕಿಲೋ. ಅದೂ ಪಾತಾಳದಲ್ಲೇನೂ ಇರಲಿಲ್ಲ, ನೆಲದಿಂದ ಸುಮಾರು ಒಂದಡಿ ಕೆಳಗಿತ್ತು.

ಭಾನುವಾರ ಬೆಳಿಗ್ಗೆ ನೀರು ಇಳಿದಾಗ ಹಗ್ಗ ಕಟ್ಟಿ, ಪಟ್ಟಿ ಪಟ್ಟಿಯಾಗಿ ನಡೆದೆ. ಒಂದೂವರೆ ಗಂಟೆಯ ನಂತರ ಪಿಸುಮಾತಿನಂಥ ಒಂದು ಸದ್ದು. ಅಡ್ಡ ಬೀಸಿದರೂ ಅಲ್ಲೇ, ಉದ್ದ ಬೀಸಿದರೂ ಅಲ್ಲೇ. ಹಿಂದಿನ ರಾತ್ರಿ ಆ ಕಿರುಚಾಟದಲ್ಲಿ ಇದು ಕೇಳುವಂತೆಯೇ ಇರಲಿಲ್ಲ. ನನ್ನವಳೇ ಮೊಣಕಾಲೂರಿ ಕೈಯಿಂದ ಮರಳು ತೋಡಿದಳು. ಉಂಗುರವನ್ನು ಸೆರಗಿಲ್ಲದ ಟೀಶರ್ಟಿಗೇ ಒರೆಸಿಕೊಂಡು ಕಣ್ಣಿಗೊತ್ತಿಕೊಂಡಳು.

ನೀವೂ ಹೊರಡುವುದಾದರೆ ಒಂದು ಮಾತು. ವಿಕ್ಟೋರಿಯಾದಲ್ಲಿ ಚಿನ್ನ ಹುಡುಕಲು 'ಮೈನರ್ಸ್ ರೈಟ್' ಬೇಕು. ಒಮ್ಮೆ ಪಡೆದರೆ ಹತ್ತು ವರ್ಷ ನಡೆಯುತ್ತದೆ. ಸಿಡ್ನಿಯ ತೀರಗಳಿಗೆ ಮೊದಲು ಆಯಾ ಕೌನ್ಸಿಲನ್ನು ಕೇಳಿ. ತೋಡಿದ ಗುಂಡಿ ಮುಚ್ಚಿ ಬನ್ನಿ. ಯಂತ್ರವನ್ನು ಮಾತ್ರ ಕೂಗಿಸಬೇಡಿ, ಅದು ಸುಮ್ಮನಿದ್ದಾಗಲೇ ಆಳದ ಮಾತು ಕೇಳಿಸುವುದು.